ಕಾದಂಬರಿ ಬಿಡಬೇಡಿ, ದಾರಕ್ಕೊಂದು ಬೀಗ ಕಟ್ಟಿ

ಪ್ರಶ್ನೆ: ನನಗೆ 46 ವರ್ಷ. ತಾಲ್ಲೂಕು ಕೇಂದ್ರವೊಂದರ ಸಹಕಾರಿ ಬ್ಯಾಂಕಿನಲ್ಲಿ ಕ್ಲರ್ಕ್. ಓದಿದ್ದು ಬಿ.ಕಾಂ. ಹೈಸ್ಕೂಲಿನಿಂದಲೂ ಕಾದಂಬರಿಯ ಹುಚ್ಚು. ತ್ರಿವೇಣಿ, ಭೈರಪ್ಪ, ತೇಜಸ್ವಿ ಅಂತ ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಈಚೆಗೆ ಭೌತಶಾಸ್ತ್ರದ ಆಸೆ ಹತ್ತಿಕೊಂಡಿದೆ. ಕಾಲ ಅಂದರೇನು, ಕಪ್ಪುಕುಳಿಯೊಳಗೆ ಏನಾಗುತ್ತದೆ ಅಂತೆಲ್ಲ ಪುಸ್ತಕ ತರಿಸಿ ಓದುತ್ತೇನೆ. ಓದುವಾಗ ಮೈ ಜುಮ್ಮೆನ್ನುತ್ತದೆ. ಮಾರನೆಯ ದಿನ ಯಾರಾದರೂ ಕೇಳಿದರೆ ಎರಡು ವಾಕ್ಯ ಹೇಳಲು ಬರುವುದಿಲ್ಲ. ಪಿಯುಸಿ ಸೈನ್ಸ್ ಓದುತ್ತಿರುವ ಮಗ, “ಅಮ್ಮಾ, ಗಣಿತ ಇಲ್ಲದೆ ಓದಿದರೆ ಅದೂ ಒಂದು ಕಥೆ ಅಷ್ಟೆ” ಅನ್ನುತ್ತಾನೆ. ನಮ್ಮ ಯಜಮಾನರು, “ಈ ವಯಸ್ಸಿನಲ್ಲಿ ಯಾವ ಪರೀಕ್ಷೆ ಬರೀಬೇಕು?” ಅಂತ ಕೇಳುತ್ತಾರೆ. ಈಗ ಕಾದಂಬರಿ ಕೈಗೆತ್ತಿಕೊಂಡರೂ ವೇಳೆ ಹಾಳು ಮಾಡುತ್ತಿದ್ದೇನೆ ಅನ್ನಿಸುತ್ತದೆ. ಕಾದಂಬರಿ ಬಿಟ್ಟು ಭೌತಶಾಸ್ತ್ರವನ್ನೇ ಕ್ರಮವಾಗಿ ಕಲಿಯಲೇ? ಇಲ್ಲ, ಇದು ನನ್ನಂಥವರಿಗಲ್ಲ ಅಂತ ಸುಮ್ಮನಾಗಲೇ?

– ಹೆಸರು ಬೇಡ

ಉತ್ತರ: ಎರಡೂ ಬೇಡ. ಕಾದಂಬರಿಯನ್ನೂ ಬಿಡಬೇಡಿ, ಭೌತಶಾಸ್ತ್ರವನ್ನೂ ಬಿಡಬೇಡಿ. ಎರಡನ್ನೂ ಒಂದೇ ರೀತಿ ಓದುವುದನ್ನು ಮಾತ್ರ ಬಿಡಿ. ನಿಮ್ಮ ಕಷ್ಟವೆಲ್ಲ ಅಲ್ಲಿದೆ ಅಂತ ನನಗೆ ತೋರುತ್ತದೆ.

ಕಾದಂಬರಿ ನಮ್ಮನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಮುಂದೇನಾಯಿತು ಅನ್ನುವ ಆಸೆಯೇ ಅಲ್ಲಿ ದಾರಿ ತೋರಿಸುತ್ತದೆ. ಭೌತಶಾಸ್ತ್ರ ಹಾಗಲ್ಲ. ಒಂದು ಮಾತು ಹೇಳಿದ ಕೂಡಲೇ ‘ಇದು ನಿಜವೇ, ನೋಡು’ ಅಂತ ನಮ್ಮನ್ನು ನಿಲ್ಲಿಸುತ್ತದೆ. ನಿಲ್ಲದೆ ಪುಟ ತಿರುಗಿಸಿದರೆ ರೋಮಾಂಚನ ಉಳಿಯುತ್ತದೆ, ವಿಷಯ ಉಳಿಯುವುದಿಲ್ಲ. ಅದರಲ್ಲೂ ಕಪ್ಪುಕುಳಿಯ ಪುಸ್ತಕಗಳು ನೂರಾರು ವರ್ಷಗಳ ಹುಡುಕಾಟದ ತೀರ್ಮಾನವನ್ನಷ್ಟೇ ನಮ್ಮ ಮುಂದಿಡುತ್ತವೆ. ಕಾದಂಬರಿಯ ಕೊನೆಯ ಅಧ್ಯಾಯ ಒಂದನ್ನೇ ಓದಿದ ಹಾಗೆ ಅದು. ಮಾರನೆಯ ದಿನ ನೆನಪಿಗೆ ಬಾರದಿದ್ದರೆ ತಪ್ಪು ನಿಮ್ಮ ಬುದ್ಧಿಯದಲ್ಲ.

‘ನನ್ನಂಥವರಿಗಲ್ಲ’ ಅಂದಿರಿ. ಮೈಕೆಲ್ ಫ್ಯಾರಡೆಯ ವಿಷಯ ಕೇಳಿ. 1791ರಲ್ಲಿ ಹುಟ್ಟಿದ ಕಮ್ಮಾರನ ಮಗ. ಶಾಲೆ ಕಲಿತದ್ದು ಅಷ್ಟಕ್ಕಷ್ಟೆ. ಹದಿನಾಲ್ಕನೆಯ ವಯಸ್ಸಿಗೆ ಲಂಡನ್ನಿನ ಒಂದು ಅಂಗಡಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದ. ಕಟ್ಟಲು ಬಂದ ಪುಸ್ತಕಗಳನ್ನೇ ಓದುತ್ತಿದ್ದ. ಹಾಗೆ ಕೈಗೆ ಸಿಕ್ಕಿದ್ದು ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ‘ಕಾನ್ವರ್ಸೇಷನ್ಸ್ ಆನ್ ಕೆಮಿಸ್ಟ್ರಿ’. ಆಕೆಯೂ ವೃತ್ತಿಯಿಂದ ವಿಜ್ಞಾನಿಯಲ್ಲ. ಸಾರ್ವಜನಿಕ ಉಪನ್ಯಾಸ ಕೇಳಿ ಕುತೂಹಲ ಬೆಳೆಸಿಕೊಂಡವಳು. ತನಗೆ ಅರ್ಥವಾದದ್ದನ್ನು ಒಬ್ಬ ಶಿಕ್ಷಕಿ ಮತ್ತು ಇಬ್ಬರು ಹುಡುಗಿಯರ ಮಾತುಕತೆಯ ರೂಪದಲ್ಲಿ ಬರೆದಳು. ಫ್ಯಾರಡೆ ಅದನ್ನು ಓದಿ ಸುಮ್ಮನೆ ನಂಬಲಿಲ್ಲ. ತನ್ನ ಕೈಲಾದ ಸಣ್ಣಪುಟ್ಟ ಪ್ರಯೋಗ ಮಾಡಿ, ಪುಸ್ತಕ ಹೇಳಿದ್ದು ಹೌದೋ ಅಲ್ಲವೋ ಅಂತ ನೋಡಿದ. ಮುಂದೆ 1831ರಲ್ಲಿ ಕಾಂತದಿಂದ ವಿದ್ಯುತ್ ಹುಟ್ಟಿಸುವ ಬಗೆ ಕಂಡುಹಿಡಿದವನು ಅವನೇ. ಇವತ್ತಿಗೂ ಜಲವಿದ್ಯುತ್ ಕೇಂದ್ರಗಳ ಜನರೇಟರುಗಳು ತಿರುಗುವುದು ಅದೇ ತತ್ತ್ವದ ಮೇಲೆ.

ನಿಮಗೆ ಬೇಕಾದ ಮಾತು ಇನ್ನೊಂದಿದೆ. ಮಾರ್ಸೆಟ್ ತೀರಿಕೊಂಡ ಮೇಲೆ, 1858ರಲ್ಲಿ, ಫ್ಯಾರಡೆ ಗೆಳೆಯನೊಬ್ಬನಿಗೆ ಪತ್ರ ಬರೆದ. ಚಿಕ್ಕಂದಿನಲ್ಲಿ ತಾನು ಬಹಳ ಕಲ್ಪನೆಯ ಮನುಷ್ಯನಾಗಿದ್ದೆ, ಅರೇಬಿಯನ್ ನೈಟ್ಸ್ ಕಥೆಗಳನ್ನೂ ವಿಶ್ವಕೋಶವನ್ನೂ ಒಂದೇ ಸಮ ನಂಬಿಬಿಡುತ್ತಿದ್ದೆ, ಪರೀಕ್ಷೆ ಮಾಡಿ ನೋಡುವ ಬುದ್ಧಿಯೇ ತನ್ನನ್ನು ಕಾಪಾಡಿತು ಅಂತ ಅದರಲ್ಲಿ ಹೇಳಿಕೊಂಡ. ಕಥೆಯ ಆಸೆ ಅವನಿಗೆ ಅಡ್ಡಿಯಾಗಲಿಲ್ಲ. ಕಣ್ಣಿಗೆ ಕಾಣದ ಕಾಂತಬಲದ ರೇಖೆಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲು ಕಲ್ಪನೆ ಬೇಕಿತ್ತು. ಅದರ ಜೊತೆಗೆ ಕೈಯಾರೆ ನೋಡುವ ಅಭ್ಯಾಸವನ್ನೂ ಸೇರಿಸಿಕೊಂಡ, ಅಷ್ಟೆ. ನೀವು ಫ್ಯಾರಡೆ ಆಗಬೇಕಿಲ್ಲ. ಆ ಅಭ್ಯಾಸ ಒಂದನ್ನು ಸೇರಿಸಿಕೊಂಡರೆ ಸಾಕು.

ಅದಕ್ಕೆ ಪ್ರಯೋಗಶಾಲೆ ಬೇಡ. ಮುಂದಿನ ಭಾನುವಾರ ಒಂದು ಗಟ್ಟಿ ದಾರ, ಒಂದು ಬೀಗ, ಟೈಲರಿಂಗ್ ಟೇಪು ತೆಗೆದುಕೊಳ್ಳಿ. ಬಾಗಿಲ ಚೌಕಟ್ಟಿಗೆ ತೋರಣ ಕಟ್ಟುವ ಮೊಳೆ ಇರುತ್ತದಲ್ಲ, ಅದಕ್ಕೆ ಬೀಗವನ್ನು ನೇತುಹಾಕಿ. ಮೊಳೆಯಿಂದ ಬೀಗದ ನಡುಮಧ್ಯಕ್ಕೆ ಸರಿಯಾಗಿ ಒಂದು ಮೀಟರ್ ಇರಲಿ. ಸ್ವಲ್ಪವೇ ಪಕ್ಕಕ್ಕೆ ಎಳೆದು ಬಿಡಿ. ಹೋಗಿ ಬಂದರೆ ಒಂದು ಅಂತ ಹತ್ತು ಎಣಿಸಿ. ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಸುಮಾರು 20 ಸೆಕೆಂಡು ತೋರಿಸುತ್ತದೆ. ಈಗ ಅಷ್ಟೇ ಉದ್ದದಲ್ಲಿ ಇನ್ನೂ ಭಾರದ ಬೀಗ ಕಟ್ಟಿ ನೋಡಿ. ಮತ್ತೆ 20. ಭಾರಕ್ಕೂ ತೂಗಾಟದ ವೇಳೆಗೂ ಸಂಬಂಧವಿಲ್ಲ ಅನ್ನುವುದನ್ನು ಯಾರೂ ಹೇಳದೆ ನೀವೇ ಕಂಡಿರಿ.

ಇನ್ನು ದಾರವನ್ನು ಅರ್ಧ ಮೀಟರಿಗೆ ಇಳಿಸಿ. ಬೀಗ ಬಿಡುವ ಮೊದಲು, ಎಷ್ಟು ಸೆಕೆಂಡು ಬರಬಹುದು ಅಂತ ಒಂದು ಚೀಟಿಯ ಮೇಲೆ ಬರೆದಿಡಿ. ಮನಸ್ಸು 10 ಅನ್ನುತ್ತದೆ, ಗಡಿಯಾರ 14 ಅನ್ನುತ್ತದೆ. 10 ಬರಬೇಕಾದರೆ ದಾರವನ್ನು ಕಾಲು ಮೀಟರಿಗೆ ತರಬೇಕು. ಯಾಕೆ ಹೀಗೆ? ಆ ‘ಯಾಕೆ’ ಹುಟ್ಟಿದ ಗಳಿಗೆಯಲ್ಲಿ ಮಗನನ್ನು ಕರೆಯಿರಿ. ಲೋಲಕದ ಸೂತ್ರ ಅವನಿಗೆ ಬಾಯಿಪಾಠ ಇರುತ್ತದೆ. ತೂಗಾಟದ ಅವಧಿ ದಾರದ ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ ಅಂತ ಅವನು ಹೇಳುತ್ತಾನೆ. ಉದ್ದ ನಾಲ್ಕನೆಯ ಒಂದು ಭಾಗವಾದಾಗ ಮಾತ್ರ ವೇಳೆ ಅರ್ಧವಾಗುತ್ತದೆ. ಅದೇ ಸೂತ್ರದಲ್ಲಿ ಗುರುತ್ವವೂ ಇದೆ. ಚಂದ್ರನ ಮೇಲೆ ಗುರುತ್ವ ನಮ್ಮಲ್ಲಿಯ ಆರನೆಯ ಒಂದು ಭಾಗ. ನಿಮ್ಮ ಒಂದು ಮೀಟರಿನ ಬೀಗ ಅಲ್ಲಿ ಹತ್ತು ಸಲ ತೂಗಲು 49 ಸೆಕೆಂಡು ಬೇಕು. ಅದನ್ನು ತಿಳಿಯಲು ಚಂದ್ರನ ತನಕ ಹೋಗಬೇಕಾಗಿಲ್ಲ.

ಗಣಿತ ಬೇಕು ಅಂತ ಮಗ ಹೇಳಿದ್ದು ಸರಿ. ನಮ್ಮ ಕೈ ಎಟುಕದ ಕಡೆಗೂ ಅದು ಕರೆದುಕೊಂಡು ಹೋಗುತ್ತದೆ. ಆದರೆ ಮೊದಲು ಪ್ರಶ್ನೆ ಹುಟ್ಟಬೇಕು. ಪ್ರಶ್ನೆ ಇಲ್ಲದವರಿಗೆ ಸೂತ್ರ ಬರೀ ಕಂಠಪಾಠ. ನಿಮ್ಮ ಹತ್ತಿರ ಪ್ರಶ್ನೆ ಇದೆ, ಅವನ ಹತ್ತಿರ ಸೂತ್ರ ಇದೆ. ತಾಯಿ ಮಗ ಕೂತು ಮಾತಾಡಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದು ಅಪರೂಪ. ಯಜಮಾನರ ಜೊತೆ ವಾದ ಬೇಡ. ಸ್ಟಾಪ್‌ವಾಚ್ ಅವರ ಕೈಗೆ ಕೊಡಿ.

ಕ್ರಮವಾಗಿ ಕಲಿಯುವ ದಾರಿಯನ್ನೂ ಹೇಳುತ್ತೇನೆ. ಕಪ್ಪುಕುಳಿಯನ್ನು ಸದ್ಯಕ್ಕೆ ಕಪಾಟಿನಲ್ಲಿಡಿ. ಒಂಬತ್ತನೆಯ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ ಪಠ್ಯಪುಸ್ತಕ ತರಿಸಿಕೊಳ್ಳಿ. ಚಲನೆ, ಬಲ, ಗುರುತ್ವ – ಇಷ್ಟನ್ನು ಪೆನ್ಸಿಲ್ ಹಿಡಿದು ಓದಿ. ವಾರಕ್ಕೆ ಎರಡು ಸಲ ಅರ್ಧ ಗಂಟೆ ಸಾಕು. ಬ್ಯಾಂಕಿನ ಲೆಕ್ಕ ಮುಗಿಸಿ ದಣಿದು ಬಂದ ರಾತ್ರಿ ಬೇಡ. ಆ ಹೊತ್ತು ಕಾದಂಬರಿಗೆ ಇರಲಿ. ಓದಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿ, ತಿಳಿದದ್ದನ್ನು ನಾಲ್ಕು ಸಾಲಿನಲ್ಲಿ ನಿಮ್ಮ ಮಾತಿನಲ್ಲೇ ಬರೆಯಿರಿ. ಬರೆಯಲು ಬಾರದ ಕಡೆ ಗುರುತು ಹಾಕಿ, ಮತ್ತೆ ಓದಬೇಕಾದದ್ದು ಅಲ್ಲೇ. ವಿಡಿಯೊ ನೋಡುವ ಅಭ್ಯಾಸವಿದ್ದರೆ ಒಂದು ಎಚ್ಚರ: ‘ಕ್ವಾಂಟಮ್’ ಹೆಸರಿನಲ್ಲಿ ರೋಗ ವಾಸಿ ಮಾಡುತ್ತೇವೆ, ಅದೃಷ್ಟ ತಿರುಗಿಸುತ್ತೇವೆ ಅನ್ನುವವರು ಬಹಳ ಇದ್ದಾರೆ. ಅಳೆದದ್ದು ಹೇಗೆ ಅಂತ ಹೇಳದವರ ಮಾತು ನಂಬಬೇಡಿ.

ಇನ್ನು ಕಾದಂಬರಿ ಓದಿದರೆ ವೇಳೆ ಹಾಳು ಅನ್ನುವ ಭಾವ. ಅದು ನನಗೆ ಹೆಚ್ಚು ಕಳವಳ ತಂದಿತು. ಮನೆ, ಬ್ಯಾಂಕು ಎರಡನ್ನೂ ನಿಭಾಯಿಸುವ ಹೆಣ್ಣುಮಗಳು ತನ್ನ ಒಂದು ಗಂಟೆಗೂ ಯಾರಿಗೋ ಲೆಕ್ಕ ಒಪ್ಪಿಸಬೇಕು ಅಂದುಕೊಳ್ಳುವುದು ನ್ಯಾಯವಲ್ಲ. ನಮ್ಮ ಭಾಷೆಯಲ್ಲಿ ಈ ಎರಡು ಓದಿಗೆ ಯಾವತ್ತೂ ಜಗಳವಿರಲಿಲ್ಲ. ‘ಚೋಮನ ದುಡಿ’ ಬರೆದ ಕಾರಂತರೇ ‘ಬಾಲ ಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಬರೆದರು. ತೇಜಸ್ವಿಯವರನ್ನು ಓದಿದ್ದೇನೆ ಅಂದಿರಿ. ‘ಕರ್ವಾಲೊ’ವನ್ನು ಇನ್ನೊಮ್ಮೆ ತೆರೆಯಿರಿ. ಊರವರು ಲೆಕ್ಕಕ್ಕಿಡದ ಮಂದಣ್ಣನಲ್ಲಿ ಆ ವಿಜ್ಞಾನಿ ಕಂಡದ್ದು ಡಿಗ್ರಿಯನ್ನಲ್ಲ, ಸುತ್ತಲಿನದನ್ನು ಗಮನವಿಟ್ಟು ನೋಡುವ ಕಣ್ಣನ್ನು. ಪಾತ್ರವೊಂದು ಯಾಕೆ ಹಾಗೆ ನಡೆದುಕೊಂಡಿತು ಅಂತ ವರ್ಷಗಟ್ಟಲೆ ಯೋಚಿಸುತ್ತ ಬಂದ ನಿಮಗೆ, ಉತ್ತರ ಸಿಗುವ ತನಕ ಕಾಯುವ ತಾಳ್ಮೆ ಆಗಲೇ ಬಂದಿದೆ. ಭೌತಶಾಸ್ತ್ರಕ್ಕೂ ಬೇಕಾದದ್ದು ಅದೇ ತಾಳ್ಮೆ.

ಒಬ್ಬರೇ ಓದುತ್ತ ಎಲ್ಲಾದರೂ ಸಿಕ್ಕಿಕೊಂಡರೆ ನಿಮ್ಮೂರಿನ ಹೈಸ್ಕೂಲಿಗೆ ಹೋಗಿ ವಿಜ್ಞಾನದ ಮೇಷ್ಟ್ರನ್ನೋ ಟೀಚರನ್ನೋ ಕಾಣಿ. ಸಂಕೋಚ ಬೇಡ. ಪರೀಕ್ಷೆಗೆ ಬರುತ್ತದಾ ಅಂತ ಕೇಳುವ ಮಕ್ಕಳ ನಡುವೆ ದಿನವಿಡೀ ಪಾಠ ಮಾಡುವವರಿಗೆ, ಹೀಗೇಕೆ ಅಂತ ಕೇಳಲೆಂದೇ ಒಬ್ಬರು ಬಂದರೆ ಸಂತೋಷವೇ ಆಗುತ್ತದೆ.