ಶತ್ರು ಕಡಿಮೆಯಾದಂತೆ ವೇಗ ಯಾಕೆ ಹೆಚ್ಚುತ್ತದೆ?

ಎಮ್ಯುಲೇಟರ್‌ನಲ್ಲಿ ಆಡುವ ಹಳೇ ಶೂಟಿಂಗ್ ಗೇಮ್ ನಿಜವಾದ ಆರ್ಕೇಡ್ ಯಂತ್ರದ ಹಾಗೇ ಇದೆಯಾ ಅಂತ ಹೇಗೆ ಹೇಳೋದು? ಚಿತ್ರ ಒಂದೇ ಇದ್ದರೆ ಸಾಲದು, ಸಮಯವೂ ಹೊಂದಬೇಕು. 1978ರ ಸ್ಪೇಸ್ ಇನ್ವೇಡರ್ಸ್ ತಗೊಳ್ಳೋಣ.

ಟೈಟೋ ಕಂಪನಿಯ ತೊಮೊಹಿರೊ ನಿಶಿಕಾಡೊ ಮಾಡಿದ ಈ ಗೇಮ್‌ನಲ್ಲಿ 55 ಶತ್ರುಗಳು. ಪ್ರೊಸೆಸರ್ 2 ಮೆಗಾಹರ್ಟ್ಸ್‌ನ ಇಂಟೆಲ್ 8080, ಅಂದ್ರೆ ನಮ್ಮ ಲ್ಯಾಬ್‌ನ 8085ರ ಅಣ್ಣ. ಅದು ಒಂದು ಫ್ರೇಮ್‌ಗೆ ಒಂದೇ ಶತ್ರುವನ್ನು ಸರಿಸುತ್ತದೆ. ಸೆಕೆಂಡಿಗೆ ಸುಮಾರು 60 ಫ್ರೇಮ್. ಲೆಕ್ಕ ಹಾಕಿ ನೋಡ್ರಿ:

55 ಶತ್ರು: 55/60, ಸುಮಾರು 0.92 ಸೆಕೆಂಡಿಗೆ ಪಡೆಯ ಒಂದು ಹೆಜ್ಜೆ.
10 ಶತ್ರು: ಸುಮಾರು 0.17 ಸೆಕೆಂಡ್.
1 ಶತ್ರು: ಪ್ರತಿ ಫ್ರೇಮಿಗೂ ಹೆಜ್ಜೆ!

ಆಟದ ರೋಮಾಂಚನ ಹುಟ್ಟಿದ್ದೇ ಯಂತ್ರದ ಮಿತಿಯಿಂದ.

1980ರಲ್ಲಿ ಮನೆಗೆ ಬಂದ ಅಟಾರಿ 2600ರ ಆವೃತ್ತಿ ಇನ್ನೊಂದು ಕಥೆ. 128 ಬೈಟ್ ರ್‍ಯಾಮ್, 36 ಶತ್ರುಗಳು, ಪ್ರೋಗ್ರಾಮ್ ಹೊಸದಾಗಿ ಬರೆದದ್ದು. ಇದನ್ನು ಪೋರ್ಟ್ ಅಂತೀವಿ. 1997ರಲ್ಲಿ ಬಂದ ಮೇಮ್ ಎಮ್ಯುಲೇಟರ್ ಮೂಲ ರಾಮ್ ಕೋಡನ್ನೇ ಓಡಿಸುತ್ತದೆ, 8080ಯನ್ನು ಅನುಕರಿಸುತ್ತದೆ. ವೇಗ ತಾನಾಗೇ ಬರುತ್ತದೆ.

ರಬಕವಿ-ಬನಹಟ್ಟಿಯ ಭಾಷೆಯಲ್ಲಿ ಹೇಳೋದಾದ್ರೆ, ಸೀರೆ ನೋಡಿ ಅಂಥದ್ದೇ ಇನ್ನೊಂದು ನೇಯ್ದರೆ ಪೋರ್ಟ್. ಮಗ್ಗವನ್ನೇ ಮತ್ತೆ ಕಟ್ಟಿದರೆ ಎಮ್ಯುಲೇಶನ್.

ಆದರೂ ಒಂದು ಕೊರತೆ. ಮೂಲ ಯಂತ್ರದ ಶಬ್ದ ಹುಟ್ಟುತ್ತಿದ್ದದ್ದು ಅನಲಾಗ್ ಸರ್ಕ್ಯೂಟ್‌ನಿಂದ, ಅದು ಕೋಡ್‌ನಲ್ಲಿ ಇಲ್ಲ. ಹಾಗಾಗಿ ಮೇಮ್ ರೆಕಾರ್ಡ್ ಮಾಡಿದ ಶಬ್ದಗಳನ್ನು ಬಳಸಬೇಕಾಯಿತು. ಕೋಡ್ ಒಂದನ್ನೇ ಉಳಿಸಿದರೆ ಯಂತ್ರ ಪೂರ್ತಿ ಉಳಿಯೋದಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ಎಲ್ಲೇ ಇರ್ರಿ, ಸ್ಟಾಪ್‌ವಾಚ್ ಹಿಡಿದು ಮೊದಲ ಹತ್ತು ಹೆಜ್ಜೆ ಅಳೆಯಿರಿ. ಒಂದೂ ಶತ್ರುವನ್ನು ಹೊಡೆಯದೆ ಸುಮಾರು 9 ಸೆಕೆಂಡ್ ಬಂದರೆ ನಿಮ್ಮ ಎಮ್ಯುಲೇಟರ್ ಸಮಯದಲ್ಲಿ ಪಾಸ್.