ಸೋಲಬೇಕಾದ್ದು ಬೇರಿಂಗು

ಎಂಜಿನ್ ಬಿಚ್ಚಿಸಲು ಬರುವವರ ಮಾತು ಒಂದೇ: "ಗಟ್ಟಿ ಮಾಲ್ ಹಾಕ್ಕೊಡಿ ಅಣ್ಣ, ಮತ್ತೆ ಬಿಚ್ಚೋ ಹಾಗಿರಬಾರದು." ಕ್ರ್ಯಾಂಕ್ ಗ್ರೈಂಡಿಂಗ್‌ನಲ್ಲೇ ತಲೆ ನರೆಸಿಕೊಂಡ ನಾನು ಹೇಳುವುದೂ ಒಂದೇ: ಗಟ್ಟಿಯಿರಬೇಕಾದ್ದು ಶಾಫ್ಟು, ಬೇರಿಂಗು ಅದಕ್ಕೆ ಸೋಲಬೇಕು. ಎರಡರ ಬೆಲೆ ಕೇಳಿ ನೋಡಿ, ಯಾಕೆಂದು ತಿಳಿಯುತ್ತದೆ.

ಇದನ್ನು ಕಲಿಸಿದ್ದು ಮಂಡ್ಯ ಕಡೆಯ ಆಲೆಮನೆಗಳ ಹಳೇ ಲಿಸ್ಟರ್ ಮಾದರಿ ಎಂಜಿನ್‌ಗಳು. ಆರು ಎಚ್.ಪಿ.ಯದು ನಿಮಿಷಕ್ಕೆ 650 ಸುತ್ತು, ಅಷ್ಟೇ. ಒಲೆಯ ಬೂದಿ, ಕಬ್ಬಿನ ಸಿಪ್ಪೆಯ ದೂಳು ಹೇಗೋ ಆಯಿಲ್‌ಗೆ ಸೇರಿಕೊಳ್ಳುತ್ತವೆ. ಅಲ್ಲಿಗೆ ವೈಟ್ ಮೆಟಲ್ ಬೇರಿಂಗೇ ಸರಿ. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ರೂಪಿಸಿದ ಬಗೆ ಇದು: ಬಹುಪಾಲು ತವರ, ಜೊತೆಗೆ ಆಂಟಿಮನಿ, ತಾಮ್ರ. ಒಳಗಿನ ಗಟ್ಟಿ ಹರಳುಗಳು ಭಾರ ಹೊರುತ್ತವೆ. ಸುತ್ತಲಿನ ಮೆತ್ತನೆಯ ತವರ ದೂಳಿನ ಕಣವನ್ನು ತನ್ನೊಳಗೆ ಹೂತುಕೊಂಡು ಜರ್ನಲ್ಲಿಗೆ, ಅಂದರೆ ಬೇರಿಂಗಿನೊಳಗೆ ತಿರುಗುವ ಶಾಫ್ಟಿನ ಭಾಗಕ್ಕೆ, ಗೀರು ಬೀಳದಂತೆ ಕಾಯುತ್ತದೆ. ಶಾಫ್ಟು ಕೊಂಚ ವಾಲಿದ್ದರೂ ಹೊಂದಿಕೊಳ್ಳುತ್ತದೆ.

ಅದನ್ನೇ ಟರ್ಬೊ ಲಾರಿಗೆ ಹಾಕಿದರೆ ಹೊಡೆತ ತಾಳದೆ ಬಿರುಕುಬಿಟ್ಟು ಚಕ್ಕೆ ಏಳುತ್ತದೆ. ಅಲ್ಲಿ ಉಕ್ಕಿನ ಬೆನ್ನಿನ ಮೇಲೆ ತಾಮ್ರ-ಸೀಸ, ಅದರ ಮೇಲೆ ಕೂದಲಿಗಿಂತ ತೆಳ್ಳನೆಯ ಮೆತ್ತನೆ ಲೇಪ ಇರುವ ಶೆಲ್ ಬೇರಿಂಗ್ ಬೇಕು. ಆದರೆ ತಾಮ್ರ-ಸೀಸ ಮೆದು ಜರ್ನಲ್ಲನ್ನು ತಿಂದುಹಾಕುತ್ತದೆ. ಹಾಗಾಗಿ ಶಾಫ್ಟನ್ನು ಹೇಗೆ ಗಟ್ಟಿ ಮಾಡಿದ್ದಾರೆಂದು ನೋಡದೆ ಕಲ್ಲು ತಾಗಿಸುವುದಿಲ್ಲ. ಇಂಡಕ್ಷನ್ ಹಾರ್ಡನಿಂಗ್ ಕೆಲವು ಮಿಲಿಮೀಟರ್ ಒಳಗಿಳಿದಿರುತ್ತದೆ, ಅಂಡರ್‌ಸೈಜಿಗೆ ಗ್ರೈಂಡ್ ಮಾಡಲು ಅಂಜಬೇಕಿಲ್ಲ. ನೈಟ್ರೈಡಿಂಗ್ ಅರ್ಧ ಮಿಲಿಮೀಟರಿನ ಆಸುಪಾಸು. ಗ್ರೈಂಡ್ ಮಾಡುತ್ತ ಹೋದರೆ ಅದೇ ಹೊರಟುಹೋಗುತ್ತದೆ. ಮತ್ತೆ ನೈಟ್ರೈಡ್ ಮಾಡಿಸಲು ಒಪ್ಪದ ಗಿರಾಕಿಯ ಕೆಲಸ ವಾಪಸ್ ಕಳಿಸುತ್ತೇನೆ. ಬೈಸಿಕೊಂಡದ್ದೂ ಉಂಟು.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಬೈಕಿನಲ್ಲಿ ಕಥೆಯೇ ಬೇರೆ. ಟೂ-ಸ್ಟ್ರೋಕಿಗೆ ಪೆಟ್ರೋಲ್ ಜೊತೆ ಬರುವ ಆಯಿಲ್ ಹನಿಯೇ ಗತಿ. ಶೆಲ್ಲಿಗೆ ಬೇಕಾದ ಎಣ್ಣೆಯ ಪದರ ಅಷ್ಟರಲ್ಲಿ ನಿಲ್ಲದು, ರೋಲರ್ರೇ ಆಗಬೇಕು. ಇಡಿಯಾದ ಕನೆಕ್ಟಿಂಗ್ ರಾಡಿಗೆ ರೋಲರ್ ಕೂರಿಸಬೇಕೆಂದರೆ ಕ್ರ್ಯಾಂಕನ್ನು ಬಿಡಿ ಭಾಗಗಳಲ್ಲಿ ಮಾಡಿ ಪ್ರೆಸ್‌ನಲ್ಲಿ ಒತ್ತಿ ಕೂಡಿಸಬೇಕು. ಬೇರಿಂಗೇ ಕ್ರ್ಯಾಂಕ್ ಮಾಡುವ ರೀತಿಯನ್ನು ಗೊತ್ತುಮಾಡಿತು.

ಇನ್ನು ಶಾಫ್ಟು ಫೋರ್ಜಿಂಗೋ ಎರಕವೋ ಎಂಬ ಜಗಳ. ಫೋರ್ಜ್ ಮಾಡಿದ ಉಕ್ಕಿಗೆ ತಟ್ಟಿದರೆ ಗಂಟೆಯಂತೆ ದನಿ, ಎರಕದ್ದು ಮಂಕು. ಭಾರೀ ಡೀಸೆಲ್‌ಗೆ ಫೋರ್ಜಿಂಗೇ ಬೇಕು, ಒಪ್ಪಿದೆ. ಸಾಧಾರಣ ಪೆಟ್ರೋಲ್ ಕಾರಿಗೆ ಎಸ್.ಜಿ. ಐರನ್ (ಗ್ರಾಫೈಟ್ ಗುಂಡುಗಳಿರುವ ಕಬ್ಬಿಣ) ಎರಕ ಧಾರಾಳ ಸಾಕು. ಪಾಲಿಶ್ ಮಾತ್ರ ಅಚ್ಚುಕಟ್ಟಾಗಿರಬೇಕು: ಗ್ರಾಫೈಟ್ ಗುಂಡುಗಳ ಅಂಚಿನಲ್ಲಿ ಏಳುವ ಮುಳ್ಳುಗಳು ಉಳಿದರೆ ಶೆಲ್ಲನ್ನು ಅರದಂತೆ ಉಜ್ಜುತ್ತವೆ.

ಹೇಗೇ ಮಾಡಿರಲಿ, ಶಾಫ್ಟು ಹೆಚ್ಚಾಗಿ ಮುರಿಯಲು ಶುರುವಾಗುವುದು ಜರ್ನಲ್ಲು ಪಕ್ಕದ ತೋಳಿಗೆ (ವೆಬ್) ಸೇರುವ ಮೂಲೆಯಲ್ಲಿ. ಕಲ್ಲಿನ ಅಂಚನ್ನು ಆ ರೇಡಿಯಸ್ಸಿಗೆ ಸರಿಯಾಗಿ ಡ್ರೆಸ್ ಮಾಡಲು ಹಿಡಿಯುವ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ. ಲೋಹದ ಬಗ್ಗೆ ಅರ್ಧ ಗಂಟೆ ವಾದ ಹೂಡುವ ಗಿರಾಕಿ ಆ ಮೂಲೆಯ ಬಗ್ಗೆ ಕೇಳಿದ್ದನ್ನು ನಾನಿನ್ನೂ ಕಂಡಿಲ್ಲ.