ಕಾಳಿ ದಂಡೆಯ ನಾಣ್ಯ ಯಾರದು?

ಪ್ರಶ್ನೆ: ಕಾರವಾರದ ಕೋಡಿಬಾಗದ ಕಾಳಿ ನದಿ ದಂಡೆಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವ ಹವ್ಯಾಸ ನನ್ನದು. ಒಂದು ಚಿನ್ನದುಂಗುರ, ಮೂರು ಹಳೆಯ ಬೆಳ್ಳಿ ನಾಣ್ಯ ಸಿಕ್ಕಿವೆ. ಇಟ್ಟುಕೊಳ್ಳಬಹುದೇ?

ವಕೀಲರ ಉತ್ತರ: ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಉಂಗುರ ಯಾರೋ ಕಳೆದುಕೊಂಡದ್ದಿರಬೇಕು; ಠಾಣೆಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ. ಒಡೆಯರನ್ನು ಹುಡುಕದೆ ಮಾರಿದರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಎದುರಾದೀತು. ಹೂತಿದ್ದ ನಾಣ್ಯಗಳಿಗೆ ನಮ್ಮ ರಾಜ್ಯದ 1962ರ ನಿಧಿ ಕಾಯ್ದೆಯಿದೆ. ಸಿಕ್ಕ ಜಾಗ, ದಿನ, ಆಳ ಬರೆದು, ಫೋಟೋ ಸಮೇತ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ.

ಅಂದಹಾಗೆ, ಅಲ್ಲಿ ಕಾಳಿ ಸಿಹಿನೀರಲ್ಲ. ಭರತದಲ್ಲಿ ನೆನೆದ ಉಪ್ಪು ಮರಳಿಗೂ ಯಂತ್ರ ಸುಮ್ಮನೆ ಕೂಗುತ್ತದೆ. 2024ರ ಆಗಸ್ಟ್ 7ರಂದು ಕುಸಿದ ಹಳೆ ಸೇತುವೆಯ ಆಸುಪಾಸಂತೂ ಬೇಡ. ಪೊಲೀಸ್ ನೋಟಿಸ್ ಬಂದರೆ, ಹೇಳಿಕೆ ಕೊಡುವ ಮೊದಲೇ ಕಾರವಾರದ ವಕೀಲರೊಬ್ಬರನ್ನು ಕಾಣಿ.